ಮಾರಿಕುಪ್ಪಂ ರೈಲಿನಲ್ಲಿ ಕ್ಯಾಮೆರಾ: ಏಳು ಸೂತ್ರಗಳು

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂ ಮುಟ್ಟುವ ರೈಲು ಹಳಿಯ ಉದ್ದ ಸುಮಾರು 16 ಕಿಲೋಮೀಟರ್. ಕೋಲಾರದ ಚಿನ್ನದ ಗಣಿಗಳಿಗಾಗಿ 1894ರಲ್ಲಿ ತೆರೆದ ದಾರಿ ಇದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ರೈಲು ಮಾತ್ರ ಓಡುತ್ತಲೇ ಇದೆ. ಸೊರಗಿದ ಊರುಗಳ ಚಿತ್ರ ತೆಗೆಯುವುದನ್ನು ಕಲಿಯಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ.

1. ಮುಖ್ಯ ಚಿತ್ರ ರೈಲಿನೊಳಗೇ ಇದೆ. ಹಿಂದೆ ಶಿಫ್ಟಿನ ಸೈರನ್ನಿಗೆ ಏಳುತ್ತಿದ್ದ ಗಣಿಯೂರು ಕೆಜಿಎಫ್ ಈಗ ರೈಲಿನ ವೇಳೆಗೆ ಏಳುತ್ತದೆ. ಕೆಲಸ ಹುಡುಕಿಕೊಂಡು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನಾ ಹೋಗಿ ಬರುವವರಿಂದ ಬೆಳಗಿನ ಗಾಡಿ ತುಂಬಿಹೋಗುತ್ತದೆ. ಬೀಗ ಬಿದ್ದ ಕಟ್ಟಡ ಹೇಳಲಾರದ ಕಥೆಯನ್ನು ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಮುಖ ಹೇಳುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಉಳಿದು, ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಲ್ಲಿ ಹತ್ತಿ. ಬೋಗಿಯ ಮಂದ ದೀಪಕ್ಕೆ ಐಎಸ್‌ಒ 3200ರವರೆಗೆ ಏರಿಸಲು ಹಿಂಜರಿಯಬೇಡಿ. ಚಿತ್ರ ಸ್ವಲ್ಪ ಒರಟಾದರೂ ಚಿಂತೆಯಿಲ್ಲ. ಫ್ಲ್ಯಾಶ್ ಮಾತ್ರ ಬೇಡ. ಅವರ ದಿನದಲ್ಲಿ ನಿದ್ದೆಗೆ ಸಿಗುವುದೇ ಅಷ್ಟು ಹೊತ್ತು. ಎಚ್ಚರವಾದ ಮೇಲೆ ಚಿತ್ರ ತೋರಿಸಿ; ಬೇಡವೆಂದರೆ ಅಲ್ಲೇ ಅಳಿಸಿಬಿಡಿ.

2. ಊರು ನೋಡಲು ಜನಕ್ಕೆ ಎದುರು ದಿಕ್ಕಿನಲ್ಲಿ ಹೋಗಿ. ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವ ಗಾಡಿಯಲ್ಲಿ ಕಿಟಕಿ ಸೀಟು ಸಿಗುವುದು ಸುಲಭ. ಶಟರ್ ವೇಗ 1/1000 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ಲೆನ್ಸನ್ನು ಕಿಟಕಿಯ ಸರಳಿಗೆ ಹತ್ತಿರ ಹಿಡಿದು ಅಪರ್ಚರ್ ಅಗಲ ಮಾಡಿದರೆ ಸರಳು ಮಸುಕಾಗಿ ಕರಗಿಬಿಡುತ್ತದೆ. ಹತ್ತಿರದ ಪೊದೆಗಳ ಬೆನ್ನು ಬಿಟ್ಟು ದೂರದ್ದನ್ನು ಗುರಿಯಿಡಿ. ಫುಟ್‌ಬೋರ್ಡಿನಲ್ಲಿ ಜೋತಾಡುತ್ತ ಪ್ರಯಾಣಿಸುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಯಾವ ಚಿತ್ರವೂ ಜೀವಕ್ಕಿಂತ ದೊಡ್ಡದಲ್ಲ.

3. ಇಳಿಯಿರಿ, ನಡೆಯಿರಿ. ಕೋರಮಂಡಲ್, ಬೆಮೆಲ್ ನಗರ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ಪುಟ್ಟ ಪುಟ್ಟ ನಿಲ್ದಾಣಗಳು. ಒಂದರಲ್ಲಿ ಇಳಿದು ಮುಂದಿನದಕ್ಕೆ ರಸ್ತೆಯಲ್ಲೇ ನಡೆದುಕೊಂಡು ಹೋಗಿ, ಹಳಿಯ ಮೇಲಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಆಳ ಕ್ಯಾಮೆರಾಗೆ ದಕ್ಕದು. ದಕ್ಕುವುದು ಬಾವಿಯ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ನೆತ್ತಿಯ ಚಕ್ರ. ಗೋಪುರವನ್ನಷ್ಟೇ ತೆಗೆದರೆ ಅದು ಬರೀ ಯಂತ್ರದ ಚಿತ್ರ. ಅದರ ಮುಂದಿನ ರಸ್ತೆಯಲ್ಲಿ ಶಾಲೆಗೆ ಹೊರಟ ಮಕ್ಕಳೋ, ತರಕಾರಿ ಗಾಡಿಯೋ ಬರುವವರೆಗೂ ಕಾಯಿರಿ. ಆಗ ಅದರ ಎತ್ತರವೂ ತಿಳಿಯುತ್ತದೆ, ಅದರ ನೆರಳಿನಲ್ಲಿ ಬದುಕು ನಡೆದೇ ಇದೆ ಎಂಬುದೂ ತಿಳಿಯುತ್ತದೆ.

4. ಸೈನೈಡ್ ದಿಬ್ಬಗಳಿಗೆ ಬೆನ್ನು ಮಾಡಿಯೂ ನಿಲ್ಲಿ. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿ ಬೆಟ್ಟವಾಗಿ ಬಿದ್ದಿದೆ. 2018ರ ‘ಕೆಜಿಎಫ್’ ಸಿನಿಮಾ ಬಂದಮೇಲೆ ಎಲ್ಲರ ಕ್ಯಾಮೆರಾ ಅತ್ತಲೇ. ತೆಗೆಯುವುದಾದರೆ ಬೆಳಿಗ್ಗೆ ಅಥವಾ ಸಂಜೆ ತೆಗೆಯಿರಿ. ಮಳೆ ಕೊರೆದ ಕೊರಕಲುಗಳು ಓರೆ ಬಿಸಿಲಿಗೆ ಎದ್ದು ಕಾಣುತ್ತವೆ. ತಿಳಿಬಣ್ಣದ ಮಣ್ಣನ್ನು ಕ್ಯಾಮೆರಾ ತಾನಾಗಿ ಮಬ್ಬು ಮಾಡುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸಿಕೊಳ್ಳಿ. ಮೇಲೆ ಹತ್ತಲೇಬೇಡಿ. ನನ್ನ ಮಟ್ಟಿಗೆ ದಿಬ್ಬಕ್ಕಿಂತ ದೊಡ್ಡ ಚಿತ್ರ ಅದರ ಬುಡದಲ್ಲಿದೆ: ಗಾಳಿ ಎದ್ದಾಗ ಅದೇ ಧೂಳು ಕುಡಿಯುವ ಮನೆಗಳು, ತಂತಿಯ ಮೇಲೆ ಒಣಗುವ ಬಟ್ಟೆಗಳು.

5. ಮುಚ್ಚಿದ ಗೇಟು ದಾಟಬೇಡಿ. ಹಳೆಯ ಶಾಫ್ಟುಗಳಲ್ಲಿ ನೀರು ತುಂಬಿದೆ. ಅನುಮತಿ ಸಿಕ್ಕರೆ ಒಳಗೆ, ಇಲ್ಲವಾದರೆ ಹೊರಗೇ.

6. ಮೊದಲು ಮಾತು, ಆಮೇಲೆ ಕ್ಯಾಮೆರಾ. ಇಲ್ಲಿನ ಲೈನ್ ಮನೆಗಳಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಹೆಚ್ಚಾಗಿ ಕೇಳುವುದು ತಮಿಳು. ಗಣಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಇವರು. “ಅಣ್ಣಾ, ಒಂದು ಫೋಟೊ ತೆಗೀಲಾ?” ಎಂದು ಕನ್ನಡದಲ್ಲಿ ಕೇಳಿದರೂ ನಡೆಯುತ್ತದೆ, ಕೇಳದಿರುವುದು ನಡೆಯದು. ಹಿರಿಯರು ಸಿಕ್ಕರೆ ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರೆಂದು ವಿಚಾರಿಸಿ, ಕೂತು ಕೇಳಿ. ಭಾವಚಿತ್ರಕ್ಕೆ ಮನೆಬಾಗಿಲಿನ ನೆರಳು ಸಾಕು. ಅವರು ಅಂಗಿ ಬದಲಿಸಿ ಬರುತ್ತೇನೆಂದರೆ ತಡೆಯಬೇಡಿ. ಹರಿದ ಬನಿಯನ್ನಿನಲ್ಲೇ ಬಡತನ “ಸಹಜವಾಗಿ” ಕಾಣುತ್ತದೆ ಎನ್ನುವ ಛಾಯಾಗ್ರಾಹಕರ ಮಾತನ್ನು ನಾನು ಒಪ್ಪುವುದಿಲ್ಲ. ತಾನು ಹೇಗೆ ಕಾಣಬೇಕೆಂದು ತೀರ್ಮಾನಿಸುವ ಹಕ್ಕು ಚಿತ್ರದಲ್ಲಿರುವವರದು. ಮುಂದಿನ ಸಲ ಹೋಗುವಾಗ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡಿ.

7. ಅಡಿಬರಹವನ್ನು ಅಂದೇ ಬರೆಯಿರಿ. ನಿಲ್ದಾಣ, ದಿನಾಂಕ, ಯಾವ ಲೈನು, ಯಾವ ಗಣಿ ಎಂಬುದೆಲ್ಲ ಬರಲಿ. ಇತಿಹಾಸವನ್ನು ಓದಿಕೊಂಡು ಹೋದರೆ ಕಣ್ಣು ಚುರುಕಾಗುತ್ತದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಇದು ಗೊತ್ತಿದ್ದವರಿಗೆ ತುಕ್ಕು ಹಿಡಿದ ವಿದ್ಯುತ್ ಕಂಬವೂ ವಿಷಯವಾಗುತ್ತದೆ. “ಪ್ರೇತನಗರಿ” ಎಂಬ ಶೀರ್ಷಿಕೆಯನ್ನು ದಯವಿಟ್ಟು ಯಾರೂ ಹಾಕಬೇಡಿ. 2011ರ ಜನಗಣತಿ ಎಣಿಸಿದಾಗ ಇಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಹಾಗಾಗಿ ಕೊನೆಗೆ ಹನ್ನೆರಡು ಚಿತ್ರ ಆರಿಸುವಿರಾದರೆ ಖಾಲಿ ಕಟ್ಟಡಗಳಿಗೆ ನಾಲ್ಕು ಸಾಕು, ಮಿಕ್ಕ ಎಂಟರಲ್ಲಿ ಜನರಿರಲಿ.