ಭಾಷಾ ಅಲ್ಪಸಂಖ್ಯಾತರ ಹಕ್ಕು ಮತ್ತು ನ್ಯಾಯಾಲಯದ ತೀರ್ಪು: ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಮೇಷ್ಟರಾಗಿ ಬಾಳಿದ ನಾನು ಒಂದು ಪಾಠವನ್ನೇ ಬರೆದುಕೊಡುವುದು ಉಚಿತವೆಂದು ಭಾವಿಸಿದ್ದೇನೆ. ಸೇವೆಯಲ್ಲಿದ್ದಾಗಲೂ, ನಿವೃತ್ತನಾದ ಮೇಲೂ ಪೋಷಕರು ನನ್ನನ್ನು ಕೇಳುತ್ತಲೇ ಬಂದಿರುವ ಪ್ರಶ್ನೆಯೊಂದಿದೆ: "ಕೋರ್ಟು ನಮ್ಮ ಪರವಾಗಿ ಹೇಳಿದೆಯಂತಲ್ಲ ಸಾರ್, ಇನ್ನು ಚಿಂತೆಯೇನು?" ಇದಕ್ಕೆ ಒಂದೇ ಮಾತಿನ ಉತ್ತರ ಸಾಧ್ಯವಿಲ್ಲ. ಹಕ್ಕು ಎಂದರೇನು, ಅದನ್ನು ನ್ಯಾಯಾಲಯ ಹೇಗೆ ತೂಗುತ್ತದೆ, ತೀರ್ಪಿನ ಬಲ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ನಾವು ಅಲ್ಪಸಂಖ್ಯಾತರಾದ ಬಗೆ

ಈ ಸೀಮೆಗೆ ಕನ್ನಡ ಹೊಸದಲ್ಲ. ನೊಳಂಬರ ಕಾಲದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿಯೇ ದೊರೆತಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲೂ, 1799ರಲ್ಲಿ ಟೀಪುವಿನ ಪತನಾನಂತರ ಹೊಸೂರು ಕಡೆಯ ನಾಡೂ ಕಂಪನಿಯ ಕೈಸೇರಿ, ಕಾಲಕ್ರಮದಲ್ಲಿ ಸೇಲಂ ಜಿಲ್ಲೆಯಾದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಮ್ಮ ಕಡೆಯ ಗ್ರಾಮಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. 1965ರಲ್ಲಿ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಅದರಿಂದ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು. ಒಂದೇ ಮನೆಯಲ್ಲಿ ಬಾಳಿದ ಹಿರಿಯರು ಮೂರು ಜಿಲ್ಲೆಗಳ ವಿಳಾಸವನ್ನು ಬರೆದಿದ್ದಾರೆ.

ಊರೆಲ್ಲ ಕನ್ನಡವಾಡಿದರೂ ಕಾನೂನಿನ ಕಣ್ಣಿಗೆ ನಾವು ಅಲ್ಪಸಂಖ್ಯಾತರೇ. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹೇಳಿತು. ಆದುದರಿಂದ ಹೊಸೂರಿನ ಕನ್ನಡಿಗನು ಅಲ್ಪಸಂಖ್ಯಾತ. ಅವನೇ ಅತ್ತಿಬೆಲೆ ದಾಟಿ ಬೆಂಗಳೂರಿನಲ್ಲಿ ನೆಲೆಸಿದರೆ ಬಹುಸಂಖ್ಯಾತ.

ಸಂವಿಧಾನದ ನಾಲ್ಕು ವಿಧಿಗಳು

29ನೆಯ ವಿಧಿಯು ತಮ್ಮದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ನಾಗರಿಕರಿಗೆ ಅದನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. 30ನೆಯ ವಿಧಿಯು ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. ಇವೆರಡೂ ಮೂಲಭೂತ ಹಕ್ಕುಗಳು. ಇವುಗಳಿಗೆ ಭಂಗ ಬಂದರೆ 226ನೆಯ ವಿಧಿಯಂತೆ ಉಚ್ಚ ನ್ಯಾಯಾಲಯಕ್ಕೂ, 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯಕ್ಕೂ ನೇರವಾಗಿ ಹೋಗಬಹುದು.

1956ರ ಏಳನೆಯ ತಿದ್ದುಪಡಿಯಿಂದ ಬಂದ 350-ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. 350-ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ಕಲ್ಪಿಸುತ್ತದೆ. "ಹಕ್ಕುಂಟು" ಎನ್ನುವುದಕ್ಕೂ "ಪ್ರಯತ್ನಿಸತಕ್ಕದ್ದು" ಎನ್ನುವುದಕ್ಕೂ ಇರುವ ಅಂತರವನ್ನು ವಾಚಕರು ಮನದಟ್ಟು ಮಾಡಿಕೊಳ್ಳಬೇಕು. ಶಾಲೆ ತೆರೆಯಲು ನಮಗೆ ಹಕ್ಕಿದೆ. ಆದರೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಶಿಕ್ಷಕರು ಇರಬೇಕೆಂಬ ನಮ್ಮ ಬೇಡಿಕೆಯು ಬಹುಮಟ್ಟಿಗೆ ಈ ಎರಡನೆಯ ಬಗೆಯ ಮಾತಿನ ಮೇಲೆ ನಿಂತಿದೆ.

ನ್ಯಾಯಾಲಯ ತೂಗುವ ಬಗೆ

ಒಂದು ಹಕ್ಕು ಇನ್ನೊಂದು ಹಿತಕ್ಕೆ ಎದುರಾದಾಗ ನ್ಯಾಯಾಲಯವು ಎರಡನ್ನೂ ಇಟ್ಟು ತೂಗುತ್ತದೆ. 1958ರಲ್ಲಿ ಕೇರಳ ಶಿಕ್ಷಣ ಮಸೂದೆಯನ್ನು ಕುರಿತು ಅಭಿಪ್ರಾಯ ಕೊಡುವಾಗ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಆಡಳಿತದ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೇ, ಅದು ದುರಾಡಳಿತದ ಹಕ್ಕಲ್ಲವೆಂದೂ ಸ್ಪಷ್ಟಪಡಿಸಿತು. 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜಿನ ಮೊಕದ್ದಮೆಯಲ್ಲಿ, ಪಂಜಾಬಿಯೊಂದೇ ಬೋಧನೆ ಮತ್ತು ಪರೀಕ್ಷೆಯ ಮಾಧ್ಯಮವಾಗಬೇಕೆಂಬ ವಿಶ್ವವಿದ್ಯಾಲಯದ ಕಟ್ಟಳೆಯನ್ನು ಅಲ್ಪಸಂಖ್ಯಾತರ ಕಾಲೇಜಿನ ಮೇಲೆ ಹೇರಲಾಗದೆಂದಿತು. ಆದರೆ 2004ರಲ್ಲಿ ಉಷಾ ಮೆಹತಾ ಮೊಕದ್ದಮೆಯಲ್ಲಿ ಮಹಾರಾಷ್ಟ್ರದ ಗುಜರಾತಿ ಶಾಲೆಗಳಲ್ಲಿ ಮರಾಠಿಯನ್ನು ಒಂದು ವಿಷಯವಾಗಿ ಕಡ್ಡಾಯಗೊಳಿಸಿದುದನ್ನು ಅದೇ ನ್ಯಾಯಾಲಯ ಒಪ್ಪಿತು. ರಾಜ್ಯದ ಭಾಷೆಯನ್ನು ಕಲಿಸುವುದು ಬೇರೆ. ಅಲ್ಪಸಂಖ್ಯಾತರ ಭಾಷೆಯನ್ನು ಅದರ ಸ್ಥಾನದಿಂದ ಕದಲಿಸುವುದು ಬೇರೆ.

ಕರ್ನಾಟಕದ ಉದಾಹರಣೆ ನಮಗೆ ಇನ್ನಷ್ಟು ಬೋಧಪ್ರದ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಅಲ್ಲಿನ ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. 2014ರ ಮೇ 6ರಂದು ಸಂವಿಧಾನ ಪೀಠವು, ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದೂ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿಗಳೆಂದೂ ತೀರ್ಪಿತ್ತಿತು. ಕನ್ನಡಾಭಿಮಾನಿಗಳಿಗೆ ಇದು ನೋವು ತಂದಿತು, ನನಗೂ ತಂದಿತು. ಆದರೆ ಬಹುಸಂಖ್ಯಾತರ ಸರ್ಕಾರವು ಭಾಷೆಯನ್ನು ಹೇರಲಾಗದೆಂಬ ಯಾವ ತತ್ವವು ಅಲ್ಲಿ ಕನ್ನಡಕ್ಕೆ ತಡೆಯಾಯಿತೋ ಅದೇ ತತ್ವವು ಇಲ್ಲಿ ಕನ್ನಡಕ್ಕೆ ಬೇಲಿಯಾಗಬಲ್ಲದು. ಅದನ್ನು ಒಂದು ಕಡೆ ಬೇಕೆಂದು, ಇನ್ನೊಂದು ಕಡೆ ಬೇಡವೆಂದು ಹೇಳಲು ಬರುವುದಿಲ್ಲ.

ತಮಿಳು ಕಲಿಕೆಯ ಕಾಯಿದೆ

ನಮ್ಮ ಮನೆಬಾಗಿಲಿಗೆ ಬಂದ ವಿಷಯವಿದು. 2006ರ ತಮಿಳು ಕಲಿಕಾ ಕಾಯಿದೆಯು 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಮೊದಲ ಭಾಗದ ಕಡ್ಡಾಯ ಭಾಷೆಯನ್ನಾಗಿ ಮಾಡಿತು. ಮಾತೃಭಾಷೆಯು ನಾಲ್ಕನೆಯ ಭಾಗದ ಐಚ್ಛಿಕ ವಿಷಯವಾಯಿತು. ಈ ಕ್ರಮವು 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿದಾಗ ಕನ್ನಡ, ತೆಲುಗು, ಉರ್ದು, ಮಲಯಾಳಂ ಮಕ್ಕಳ ಪೋಷಕರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ತಮಿಳು ಪತ್ರಿಕೆಯಿಂದ ವಿನಾಯಿತಿಯೂ ದೊರೆಯಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿನಾಯಿತಿಯನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು.

ಇಲ್ಲಿ "ಒಂದು ವರ್ಷ" ಎಂಬ ಮಾತನ್ನು ಗಮನಿಸಬೇಕು. ಮಧ್ಯಂತರ ಆದೇಶವೆಂದರೆ ಮೊಕದ್ದಮೆ ಮುಗಿಯುವ ಮುನ್ನ ಯಾರಿಗೂ ಸರಿಪಡಿಸಲಾಗದ ನಷ್ಟವಾಗದಿರಲೆಂದು ಕೊಡುವ ಆಸರೆ. ಅದು ಮೂಲ ಪ್ರಶ್ನೆಗೆ ಉತ್ತರವಲ್ಲ. "ಗೆದ್ದೆವು" ಎಂದು ಸಿಹಿ ಹಂಚಿದವರು ಆದೇಶದ ಕೊನೆಯ ವಾಕ್ಯವನ್ನೂ ಓದಬೇಕಿತ್ತು.

ತೀರ್ಪಿನ ಎಲ್ಲೆಗಳು

ಒಂದು: ಆದೇಶವು ಯಾರಿಗೆ, ಯಾವ ಅವಧಿಗೆ, ಯಾವ ನಿಬಂಧನೆಯೊಡನೆ ಎಂಬುದರಲ್ಲಿಯೇ ಅದರ ಬಲವಿದೆ. 141ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯ ಘೋಷಿಸಿದ ಕಾನೂನು ಎಲ್ಲ ನ್ಯಾಯಾಲಯಗಳಿಗೂ ಬದ್ಧ. ಆದರೆ ಒಂದು ವರ್ಷದ ವಿನಾಯಿತಿಯು ಕಾನೂನಿನ ಘೋಷಣೆಯಲ್ಲ.

ಎರಡು: ತೀರ್ಪು ತೋರಿಸಿದ ದೋಷವನ್ನು ಸರಿಪಡಿಸಿ ಶಾಸನಸಭೆಯು ಹೊಸ ಕಾಯಿದೆ ಮಾಡಬಹುದು. ಮೂಲಭೂತ ಹಕ್ಕಿಗೆ ಧಕ್ಕೆಯಾಗದಿದ್ದರೆ ಅದು ನಿಲ್ಲುತ್ತದೆ.

ಮೂರು: ಆದೇಶವು ತಾನಾಗಿ ನಡೆಯುವುದಿಲ್ಲ. ನನ್ನ ಸೇವಾಕಾಲದಲ್ಲಿ ಕನ್ನಡ ಪಠ್ಯಪುಸ್ತಕಗಳಿಗೆ ಮಂಜೂರಾತಿ ಪತ್ರ ಜೂನ್‌ನಲ್ಲಿ ಬಂದು, ಪುಸ್ತಕಗಳು ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಬಂದ ವರ್ಷವೂ ಉಂಟು. ನ್ಯಾಯಾಂಗ ನಿಂದನೆಯ ಮೊಕದ್ದಮೆ ಹೂಡಬಹುದಾದರೂ ಅಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿರುತ್ತದೆ.

ನಾಲ್ಕು: ಇದು ಎಲ್ಲಕ್ಕಿಂತ ಮುಖ್ಯ. ನ್ಯಾಯಾಲಯವು ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು, ಬೆಂಚುಗಳನ್ನು ತುಂಬಲಾರದು. ಶಿಕ್ಷಕರ ಹುದ್ದೆಗಳು ಹಾಜರಿ ಪಟ್ಟಿಯ ಸಂಖ್ಯೆಯನ್ನು ಅನುಸರಿಸುತ್ತವೆ. ಮಕ್ಕಳಿಲ್ಲದ ತರಗತಿಗೆ ಶಿಕ್ಷಕರನ್ನು ಕೊಡಿರೆಂದು ಯಾವ ವಕೀಲರೂ ವಾದಿಸಲಾರರು.

ನಾವು ಮಾಡಬಹುದಾದುದು

ಮೊದಲನೆಯದಾಗಿ, ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಲಿ. ನೆರೆಯವರ ಭಾಷೆ ಅನ್ನದ ಭಾಷೆಯೂ ಹೌದು, ಸ್ನೇಹದ ಭಾಷೆಯೂ ಹೌದು. ತಮಿಳನ್ನು ಕಲಿತೂ ಕನ್ನಡವನ್ನು ಉಳಿಸಿಕೊಳ್ಳುವೆವೆಂಬುದೇ ನಮ್ಮ ವಾದ. ಎರಡನೆಯದಾಗಿ, ಶಾಲಾ ದಾಖಲಾತಿಯಲ್ಲಿಯೂ, ಜನಗಣತಿಯವರು ಬಂದಾಗಲೂ ಮಾತೃಭಾಷೆ ಕನ್ನಡವೆಂದೇ ಬರೆಯಿಸಿರಿ. ನ್ಯಾಯಾಲಯ ನೋಡುವುದು ದಾಖಲೆಯನ್ನು. ಮೂರನೆಯದಾಗಿ, ಪ್ರತಿ ಆದೇಶದ ಸಂಖ್ಯೆ ಮತ್ತು ತಾರೀಖುಗಳೊಡನೆ ಪ್ರತಿಯನ್ನು ಶಾಲೆಯಲ್ಲಿ ಕಡತ ಮಾಡಿ ಇಡಿರಿ. ನಾಲ್ಕನೆಯದಾಗಿ, ಮೊದಲು ಅಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಯಾಲಯವು ಕೊನೆಯ ಮೆಟ್ಟಿಲಾಗಿರಲಿ.

ಈ ಶಾಲೆಯಲ್ಲಿ ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಮಹೋತ್ಸವಕ್ಕೆ ನೀವು ಕೊಟ್ಟ ದೇಣಿಗೆಗೆ ಶಾಲೆ ಋಣಿಯಾಗಿದೆ. ಬರುವ ಜೂನ್‌ನಲ್ಲಿ ನಿಮ್ಮ ಬೀದಿಯ ಒಂದು ಮಗುವನ್ನಾದರೂ ಕೈಹಿಡಿದು ಒಂದನೆಯ ತರಗತಿಗೆ ತಂದು ಸೇರಿಸಿರಿ. ಸಂವಿಧಾನ ಕೊಟ್ಟ ಹಕ್ಕು ಆ ಹಾಜರಿ ಪುಸ್ತಕದಲ್ಲಿ ಜೀವಂತವಾಗಿರುತ್ತದೆ.