ಎದುರಾಳಿಯ ಅರ್ಥವನ್ನೂ ಹೇಳಿ ನೋಡಿ

ತಮ್ಮಾ, ತಂಗೀ, ಶಾಂತಿ ಎಂಬ ಮಾತು ಕೇಳಿದರೆ ನಿಮಗೆ ನಗು ಬರುತ್ತದೆ ಎಂದು ಗೊತ್ತು. ಚೌತಿಯೋ ಈದೋ ಹತ್ತಿರ ಬಂದಾಗ ಪೊಲೀಸರು ಕರೆಯುವ ಶಾಂತಿ ಸಭೆಯೇ ನಿಮ್ಮ ಕಣ್ಣ ಮುಂದೆ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿ, ಚಾ, ಬಿಸ್ಕತ್ತು, ವರ್ಷ ವರ್ಷವೂ ಅವೇ ನರೆತ ತಲೆಗಳು. "ನಮ್ಮೂರಲ್ಲಿ ಏನೂ ತೊಂದರೆ ಇಲ್ಲ ಸಾರ್" ಎಂದು ಸರದಿಯಂತೆ ಹೇಳಿ ಎದ್ದು ಬರುತ್ತೇವೆ. ನಗುವುದಿದ್ದರೆ ನಗಿ. ಗಲಾಟೆ ಆದಾಗ ಬೀದಿಗೆ ಇಳಿಯುವವರಿಗೆ ಇಪ್ಪತ್ತು ವರ್ಷ, ಸಭೆಯಲ್ಲಿ ಕೂರುವವರಿಗೆ ಅರವತ್ತು. ಇಪ್ಪತ್ತರವರನ್ನು ಆ ಸಭೆಗೆ ಯಾರೂ ಕರೆಯುವುದಿಲ್ಲ.

2017ರ ಡಿಸೆಂಬರ್ ನೆನಪಿದೆಯೇ? ನಿಮ್ಮಲ್ಲಿ ಹಲವರು ಆಗ ಶಾಲೆಗೆ ಹೋಗುತ್ತಿದ್ದಿರಿ. ಆರನೇ ತಾರೀಕು ನಮ್ಮ ಹೊನ್ನಾವರ ಪೇಟೆಯಲ್ಲಿ ಎರಡು ಕೋಮುಗಳ ನಡುವೆ ಗಲಾಟೆಯಾಯಿತು. ಎಂಟರಂದು ಶೆಟ್ಟಿಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಹೇಗೆ ಸತ್ತ ಎಂದು ವೈದ್ಯರು ಬರೆದುಕೊಡುವ ಮೊದಲೇ ಮೊಬೈಲುಗಳು ತೀರ್ಪು ಕೊಟ್ಟವು. ಕಿವಿಯಲ್ಲಿ ಕೇಳಲಾಗದ ವಿವರಗಳು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ದಾಟಿದವು. ಹನ್ನೊಂದರಂದು ಕುಮಟಾದಲ್ಲಿ ಪೊಲೀಸ್ ಐಜಿಯವರ ಕಾರಿಗೇ ಬೆಂಕಿ ಬಿತ್ತು, ಮರುದಿನ ಶಿರಸಿಯೂ ಉರಿಯಿತು. ತನಿಖೆ ಸಿಬಿಐಗೆ ಹೋಯಿತು. ಇದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಸಾವು ಎಂದು ಅವರು ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟದ್ದು 2022ರ ಅಕ್ಟೋಬರಿನಲ್ಲಿ. ಮಗನನ್ನು ಕಳೆದುಕೊಂಡ ಮನೆಯ ಸಂಕಟ ಯಾವ ವರದಿಯಿಂದಲೂ ತೀರುವಂಥದ್ದಲ್ಲ, ಅದರ ಮೇಲೆ ನಾನು ಮಾತಾಡಲಾರೆ. ನಾನು ಹೇಳುವುದು ಶವ ಸಿಕ್ಕಿದ ದಿನದಿಂದ ಶಿರಸಿ ಉರಿದ ದಿನದವರೆಗಿನ ಐದು ದಿನಗಳ ಮಾತು. ಗಂಟೆಗೊಂದು ಸುದ್ದಿ ಹಬ್ಬುತ್ತಿದ್ದಾಗ, ಇನ್ನೊಂದು ಕೇರಿಗೆ ಫೋನು ಮಾಡಿ "ಹೌದೇನೋ, ಅಲ್ಲೇನು ನಡೀತಿದೆ?" ಎಂದು ಕೇಳಬಲ್ಲವರು ಎಷ್ಟು ಜನ ಇದ್ದರು?

ನಮ್ಮದು ಮೊದಲಿನಿಂದ ಸೌಹಾರ್ದದ ಊರು ಎಂದು ಭಾಷಣ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಭಟ್ಕಳದಲ್ಲಿ ಚನ್ನಪಟ್ಟಣ ಹನುಮಂತನ ತೇರಿಗೆ ಮುಸ್ಲಿಂ ಮನೆತನವನ್ನು ಹೋಗಿ ಕರೆಯುವ ವಾಡಿಕೆ ಹಿಂದಿನಿಂದ ನಡೆದು ಬಂದದ್ದು, ಒಳ್ಳೆಯದೇ. ಆದರೆ ಅದೇ ಭಟ್ಕಳದಲ್ಲಿ 1993ರಲ್ಲಿ ಹೊತ್ತಿದ ಕೋಮುಗಲಭೆಯ ಬೆಂಕಿ ತಿಂಗಳುಗಟ್ಟಲೆ ಆರಲಿಲ್ಲ, ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗವೇ ಕೂರಬೇಕಾಯಿತು. ಹಬ್ಬದ ದಿನದ ಪ್ರೀತಿ ಬೇರೆ, ಜಗಳ ಬಿಡಿಸುವ ಕಸುಬು ಬೇರೆ. ಕಸುಬನ್ನು ಕಲಿಯಬೇಕು. ಯಕ್ಷಗಾನದಲ್ಲಿ ಹೆಜ್ಜೆ ಕಲಿತ ಹಾಗೆ, ತಪ್ಪುತ್ತ, ಮತ್ತೆ ಹಾಕುತ್ತ.

ಯಕ್ಷಗಾನದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಗುಣವಂತೆ ನಮ್ಮ ತಾಲ್ಲೂಕಿನದೇ. ಈ ಸೀಮೆಯಲ್ಲಿ ತಾಳಮದ್ದಳೆ ಕೇಳದೆ ಬೆಳೆದವರು ಕಡಿಮೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದು ಭಾಗವತರ ಹಾಡು, ಮತ್ತೆ ಕೂತಲ್ಲೇ ಪಾತ್ರವಾಗಿ ಆಡುವ ಮಾತು. ಆ ಮಾತಿಗೇ ಅರ್ಥ ಎನ್ನುವುದು. ಕೃಷ್ಣಸಂಧಾನದಲ್ಲಿ ಇವತ್ತು ಕೃಷ್ಣನ ಅರ್ಥ ಹೇಳಿದವನು ನಾಳೆ ಇನ್ನೊಂದು ಊರಿನಲ್ಲಿ ಕೌರವನ ಅರ್ಥ ಹೇಳುತ್ತಾನೆ. ಕೌರವನಿಗೂ ಒಂದು ವಾದವಿದೆ, ಒಂದು ಗಾಯವಿದೆ ಎಂದು ಅವನು ಒಳಗಿನಿಂದ ತಿಳಿದಿರಬೇಕು, ಇಲ್ಲದಿದ್ದರೆ ಅರ್ಥ ಏಳುವುದಿಲ್ಲ. ಎದುರಿನ ಅರ್ಥಧಾರಿ ಮಾತು ಮುಗಿಸುವ ತನಕ ಕಾಯಬೇಕು. ಅವನು ಹೇಳಿದ್ದನ್ನು ಎತ್ತಿಕೊಂಡೇ ಉತ್ತರ ಕೊಡಬೇಕು, ಅವನು ಹೇಳದೇ ಇದ್ದದ್ದಕ್ಕೆ ಉತ್ತರಿಸಿದರೆ ಹಿಂದಿನ ಸಾಲಿನ ಮುದುಕರೂ ಗೊಣಗುತ್ತಾರೆ. ಬೆಳಗಿನ ಜಾವ ಕೃಷ್ಣ, ಕೌರವ ಇಬ್ಬರೂ ಒಂದೇ ಚಾದಂಗಡಿಯಲ್ಲಿ ಕೂತಿರುತ್ತಾರೆ. (ಪ್ರಸಂಗದಲ್ಲಿ ಸಂಧಾನ ಮುರಿದೇ ಹೋಗುತ್ತದಲ್ಲ ಎಂದು ನಿಮ್ಮಲ್ಲೊಬ್ಬ ತರಲೆ ಕೇಳಿಯೇ ಕೇಳುತ್ತಾನೆ. ಮುರಿಯುತ್ತದೆ, ಹೌದು. ಐದೂರಿಗೆ ಇಳಿದು ಕೇಳಿದವನು ಯಾರು, ಕೊಡದವನು ಯಾರು ಎಂದು ಲೋಕಕ್ಕೆ ಗೊತ್ತಾಗುವುದೂ ಅಲ್ಲಿಯೇ.)

ಎದುರಾಳಿಯ ಅರ್ಥ ಹೇಳುವ ಈ ಅಭ್ಯಾಸವನ್ನೇ ನಿಮ್ಮ ಕಾಲೇಜಿನಲ್ಲಿ, ಕ್ರಿಕೆಟ್ ಟೀಮಿನಲ್ಲಿ ಮಾಡಿ ನೋಡಿ. ಬೈಕು ಆಟೋಗೆ ತಾಗಿತು, ಮೆರವಣಿಗೆಯ ದಾರಿ ಯಾವುದು, ಧ್ವನಿವರ್ಧಕ ಎಷ್ಟು ಹೊತ್ತು: ಇಂಥದ್ದೊಂದನ್ನು ತೆಗೆದುಕೊಳ್ಳಿ. ನಾಯ್ಕರ ಹುಡುಗ ನವಾಯತ ಮುಸ್ಲಿಮರ ಹುಡುಗನ ಅರ್ಥ ಹೇಳಲಿ, ಅವನು ಇವನದ್ದು ಹೇಳಲಿ, ಚಂದಾವರದ ಕ್ರಿಶ್ಚಿಯನ್ ಹುಡುಗಿ ನಡುವೆ ಕೂತು ಭಾಗವತಿಕೆ ಮಾಡಲಿ. ಮೊದಲ ಸಲ ಎಲ್ಲರೂ ನಗುತ್ತಾರೆ, ಎರಡನೆಯ ಸಲ ಯಾರಿಗೋ ಸಿಟ್ಟು ಬರುತ್ತದೆ. ಕಲಿಯುವುದು ಮೂರನೆಯ ಸಲ.

ಇನ್ನೊಂದು ಮಾತು ಕಹಿ. ಗುಂಪಿನಲ್ಲಿ ಸುಮ್ಮನೆ ನಿಂತಿದ್ದೆ, ಕಲ್ಲು ಎಸೆಯಲಿಲ್ಲ ಎಂದರೆ ಕೋರ್ಟು ಅಷ್ಟಕ್ಕೇ ಬಿಡುವುದಿಲ್ಲ. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧ ಆ ಕೂಟದ ಎಲ್ಲರದ್ದೂ ಆಗುತ್ತದೆ. ಹಿಂದೆ ಐಪಿಸಿ 149 ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 190 ಇದೆ. ಎಫ್ಐಆರಿನಲ್ಲಿ ಹೆಸರು ಬಿದ್ದರೆ ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಎದ್ದು ನಿಲ್ಲುತ್ತದೆ. ದುಬೈಗೆ ಹೋಗಬೇಕಾದವನು, ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕಾದವನು ವಾಯ್ದೆಗೆಂದು ಕೋರ್ಟಿನ ಮೆಟ್ಟಿಲು ಹತ್ತುತ್ತಿರುತ್ತಾನೆ. ಗುಂಪು ಕೂಡಿಸಿದವರ ಮಕ್ಕಳು ಆ ಹೊತ್ತಿಗೆ ಎಲ್ಲಿರುತ್ತಾರೆ ಎಂದು ನೀವೇ ಒಮ್ಮೆ ವಿಚಾರಿಸಿ.

ಹೊರಗಿನ ಲೋಕ ಜಗಳ ಬಿಡಿಸುವ ಈ ಕಸುಬಿಗೆ ಬೆಲೆ ಕೊಡತೊಡಗಿದೆ. ಶಿಕಾಗೋದಲ್ಲಿ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು 2000ದಲ್ಲಿ ಒಂದು ಕೆಲಸ ಶುರು ಮಾಡಿದರು. ಗುಂಡೇಟು ಬಿದ್ದ ಕೇರಿಗೆ ಪೊಲೀಸರನ್ನಲ್ಲ, ಆ ಕೇರಿಯಲ್ಲೇ ಬೆಳೆದು ಅಲ್ಲಿನವರ ನಂಬಿಕೆ ಗಳಿಸಿದವರನ್ನು ಕಳಿಸಿ, ಸೇಡಿಗೆ ಹೊರಟವನ ಹತ್ತಿರ ಮಾತಾಡಿಸುವುದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು 2250ನೇ ನಿರ್ಣಯದಲ್ಲಿ ಶಾಂತಿಯ ಕೆಲಸದಲ್ಲಿ ಯುವಕರಿಗೆ ಪಾಲು ಕೊಡಬೇಕು ಎಂದಿತು. ನಮ್ಮ 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಸಮುದಾಯ ಮಧ್ಯಸ್ಥಿಕೆಗೊಂದು ಅಧ್ಯಾಯವಿದೆ. ಕೇರಿಯ ನೆಮ್ಮದಿ ಕೆಡಿಸುವ ತಂಟೆಯನ್ನು ಇಬ್ಬರೂ ಒಪ್ಪಿದರೆ ಮೂವರು ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳಬಹುದು ಎನ್ನುತ್ತದೆ ಅದು. ಮಧ್ಯಸ್ಥರು ವಕೀಲರೇ ಆಗಬೇಕಿಲ್ಲ, ಊರಿನಲ್ಲಿ ಗೌರವ ಉಳ್ಳವರಾದರೆ ಸಾಕು. ಆ ಗೌರವ ಅರವತ್ತಕ್ಕೇ ಬರಬೇಕೆಂದು ಕಾಯ್ದೆ ಹೇಳಿಲ್ಲ.

ಈಗ ಕೆಲಸ ಹೇಳುತ್ತೇನೆ. ಬಂದರು, ಕಾಸರಕೋಡು, ಪ್ರಭಾತನಗರ, ಹಳದೀಪುರ, ಮಂಕಿ, ಒಂದೊಂದು ಕಡೆಯಿಂದ ಇಬ್ಬರಂತೆ ಗುರುತು ಮಾಡಿಕೊಳ್ಳಿ, ಇಬ್ಬರೂ ಒಂದೇ ಜಾತಿಯವರಾಗದಿರಲಿ. ಒಬ್ಬರ ನಂಬರು ಇನ್ನೊಬ್ಬರಲ್ಲಿರಲಿ, ಒಬ್ಬರ ಮನೆಯ ಅಂಗಳ ಇನ್ನೊಬ್ಬರು ಕಂಡಿರಲಿ. ಗಲಾಟೆಯ ರಾತ್ರಿ ಮಾಡುವ ಮೊದಲ ಫೋನಿಗೆ ಯಾರೂ ನಿಜ ಹೇಳುವುದಿಲ್ಲ, ಅದಕ್ಕೆ ಮುಂಚೆ ನೂರು ಸುಮ್ಮನೆಯ ಫೋನುಗಳು ಆಗಿರಬೇಕು. ಸುದ್ದಿ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಆ ಜಾಗದ ಇಬ್ಬರಿಗೂ ಕೇಳಿ, ಸುಳ್ಳಾದರೆ ನಿಮ್ಮದೇ ಗ್ರೂಪಿನಲ್ಲಿ ನಿಮ್ಮದೇ ಹೆಸರಿನಲ್ಲಿ ಹಾಗೆಂದು ಬರೆಯಿರಿ. ಇದಕ್ಕೆ ಬೈಗಳು ಬೀಳುತ್ತವೆ, ಮೊದಲು ಬೈಯುವವರು ನಮ್ಮವರೇ. ಮತ್ತೆ, ಮುಂದಿನ ಚೌತಿಯ ಶಾಂತಿ ಸಭೆಗೆ ಕರೆ ಬರಲಿ ಎಂದು ಕಾಯಬೇಡಿ. ತಹಶೀಲ್ದಾರರಿಗೆ ಈಗಲೇ ಒಂದು ಅರ್ಜಿ ಕೊಡಿ, ಅರ್ಧ ಕುರ್ಚಿ ಮೂವತ್ತರ ಒಳಗಿನವರಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ ಎಂದು. ಅರ್ಜಿಗೆ ನನ್ನದೂ ಒಂದು ಸಹಿ ಇರಲಿ. ನನ್ನ ಕುರ್ಚಿ ಬಿಟ್ಟುಕೊಡುತ್ತೇನೆ, ಚಾ ಮಾತ್ರ ಕುಡಿದೇ ಹೋಗುವವನು.