ಮಳೆ ಬಂದರಷ್ಟೇ ಬಾಗಿಲು ತೆರೆಯುವ ಗಿಡ

ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ಸೆನ್ಸರ್ ಅಂತೂ ಇಲ್ಲವೇ ಇಲ್ಲ. ಆದರೂ ನೀರು ಬಿದ್ದ ಕೂಡಲೇ ತಾನಾಗಿ ತೆರೆಯುವ ಬಾಗಿಲು ಮಾಡೋಕಾಗುತ್ತಾ? ಉತ್ತರಕ್ಕೆ ನಾವು ಒಂದು ಗಿಡದ ಹತ್ತಿರ ಹೋಗೋಣ.

ದಕ್ಷಿಣ ಆಫ್ರಿಕಾ, ಲೆಸೊಥೊ ಗಡಿಯ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳು 3,000 ಮೀಟರ್ ದಾಟುತ್ತವೆ. ಬೇಸಿಗೆಯಲ್ಲಿ ಮಳೆ, ಚಳಿಗಾಲದಲ್ಲಿ ಒಣಹವೆ, ಜೊತೆಗೆ ಹಿಮ. ಅಲ್ಲಿನ ಹುಲ್ಲುಗಾವಲಿನ ಬಂಡೆಗಳ ನಡುವೆ ಡೆಲೋಸ್ಪರ್ಮಾ ನುಬಿಜೀನಮ್ ನೆಲಕ್ಕಂಟಿ ಹರಡಿ ಹಳದಿ ಹೂ ಬಿಡುತ್ತದೆ. ದಪ್ಪ ಎಲೆಗಳೇ ಅದರ ನೀರಿನ ಟ್ಯಾಂಕು.

ಒಣ ನೆಲಕ್ಕೆ ಬಿದ್ದ ಬೀಜ ಮೊಳೆಯುವುದಿಲ್ಲ. ಹಾಗಾಗಿ ಈ ಕುಲದ ಗಿಡಗಳ ಕಾಯಿ ಒಣಗಿದಾಗ ಮುಚ್ಚಿರುತ್ತದೆ, ನೆನೆದಾಗ ತೆರೆಯುತ್ತದೆ. ಹನಿಗಳ ಹೊಡೆತಕ್ಕೆ ಬೀಜ ಹೊರಗೆ ಚಿಮ್ಮುತ್ತದೆ.

ಹೇಗೆ? ಇದೇ ಕುಲದ ಡೆಲೋಸ್ಪರ್ಮಾ ನಾಕುರೆನ್ಸ್ ಕಾಯಿಯನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ 2011ರಲ್ಲಿ ವಿವರಿಸಿದರು. ಕಾಯಿಗೆ ಐದು ಮುಚ್ಚಳ. ಅವುಗಳ ಒಳಬದಿಯಲ್ಲಿ ಜೇನುಗೂಡಿನಂಥ ಕೋಶಗಳು. ಕೋಶದೊಳಗಿನ ಸೆಲ್ಯುಲೋಸ್ ಪದರ ನೀರು ಹೀರಿ ಉಬ್ಬಿದಾಗ ಕೋಶಗಳು ಒಂದೇ ದಿಕ್ಕಿಗೆ ಅಗಲವಾಗುತ್ತವೆ. ಬೆನ್ನಿನ ಗಟ್ಟಿ ಪದರ ಹಾಗೆ ಹಿಗ್ಗದು. ಆದ್ದರಿಂದ ಮುಚ್ಚಳ ಹೊರಕ್ಕೆ ಬಾಗುತ್ತದೆ, ನಮ್ಮ ಬೈಮೆಟಲ್ ಪಟ್ಟಿ ಬಿಸಿಗೆ ಬಾಗುವಂತೆ! ಒಣಗಿದರೆ ಮತ್ತೆ ಮುಚ್ಚುತ್ತದೆ. ಈ ಕೋಶಗಳು ಸತ್ತಿರುತ್ತವೆ. ಗಿಡ ಶಕ್ತಿಯನ್ನೇ ಖರ್ಚು ಮಾಡಬೇಕಿಲ್ಲ.

ನೀವೂ ಮಾಡಿ ನೋಡಿ: ಕಾಗದದ ಪಟ್ಟಿಯ ಒಂದು ಬದಿಗೆ ಸೆಲ್ಲೋಟೇಪ್ ಅಂಟಿಸಿ, ಇನ್ನೊಂದು ಬದಿ ಒದ್ದೆ ಮಾಡಿ. ಕಾಗದ ಹಿಗ್ಗಿ, ಪಟ್ಟಿ ಟೇಪಿನ ಕಡೆಗೆ ಬಾಗುತ್ತೆ. ಸರಿಯಾಗಿ ಬಾಗದಿದ್ದರೆ ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ನಾರುಗಳ ದಿಕ್ಕೇ ಇಲ್ಲಿನ ಗುಟ್ಟು. ವಸ್ತುವಿನ ರಚನೆಯೇ ಯಂತ್ರವಾಗಬಹುದು ಅನ್ನೋದು ಈ ಗಿಡದ ಪಾಠ.